ಒಂದೊಂದೇ ಕೈ ಸರಿ, ಎರಡೂ ಸೇರಿದರೆ ಗೊಂದಲ: ಪಿಯಾನೊ ಹೊಸಬರಿಗೆ ಯಾವ ಸ್ಟಡೀಸ್ ಒಳ್ಳೆಯದು?

ಹೊಸಬ_ಕೀಲಿಮಣೆ
ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಿಂದ ಇದ್ದ ಆಸೆ, ಈಗ ಸ್ವಲ್ಪ ಬಿಡುವು ಸಿಕ್ಕ ಮೇಲೆ ಪಿಯಾನೊ ಕಲಿಯುತ್ತಿದ್ದೇನೆ. ಊರು ಬೆಂಗಳೂರು. ವಾರಕ್ಕೊಂದು ಕ್ಲಾಸು, ಮನೆಯಲ್ಲಿ ಡಿಜಿಟಲ್ ಪಿಯಾನೊ ಇದೆ, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುತ್ತೇನೆ. ನೋಟೇಶನ್ ನಿಧಾನಕ್ಕೆ ಓದಲು ಬರುತ್ತದೆ.

ಸಮಸ್ಯೆ ಇಷ್ಟು. ಬಲಗೈ ಒಂದನ್ನೇ ನುಡಿಸಿದರೆ ಸರಾಗ. ಎಡಗೈ ಒಂದನ್ನೇ ನುಡಿಸಿದರೂ ಪರವಾಗಿಲ್ಲ. ಎರಡನ್ನೂ ಸೇರಿಸಿದ ತಕ್ಷಣ ಎಡಗೈ ಬಲಗೈಯನ್ನೇ ಹಿಂಬಾಲಿಸಲು ಶುರು ಮಾಡುತ್ತದೆ. ಬಲಗೈ ನಿಂತರೆ ಅದೂ ನಿಲ್ಲುತ್ತದೆ, ಬಲಗೈ ಜೋರಾದರೆ ಅದೂ ಜೋರು. ಟೀಚರ್ ಚೆರ್ನಿ ಬರೆದ ಅಭ್ಯಾಸ ಪುಸ್ತಕ ಓಪಸ್ 599 (ಓಪಸ್ ಅಂದರೆ ಕೃತಿ ಸಂಖ್ಯೆ) ಕೊಟ್ಟಿದ್ದಾರೆ. ಗೆಳೆಯನೊಬ್ಬ ಹ್ಯಾನನ್ ಬರೆದ ಬೆರಳಭ್ಯಾಸದ ಪುಸ್ತಕ ಸಾಕು ಅನ್ನುತ್ತಾನೆ. ಇನ್ನೊಬ್ಬರು ಬಾರ್ಟೋಕ್ ಬರೆದ ಮಿಕ್ರೋಕಾಸ್ಮೊಸ್ ಹಿಡಿ ಅನ್ನುತ್ತಾರೆ. ಎರಡು ಕೈ ಹೊಂದಿಸಲು ನಿಜವಾಗಿ ಸಹಾಯ ಮಾಡುವ ಸರಳ ಕ್ಲಾಸಿಕಲ್ ಸ್ಟಡೀಸ್, ಅಂದರೆ ಅಭ್ಯಾಸದ ತುಣುಕುಗಳು, ಯಾವುವು? ಯಾವ ಕ್ರಮದಲ್ಲಿ? ದೊಡ್ಡವರಾದ ಮೇಲೆ ಕಲಿತವರು ಇದ್ದರೆ ದಯವಿಟ್ಟು ಹೇಳಿ.

ಬೆರಳು_ಬಲ
ಹ್ಯಾನನ್. ದಿನಾ ಅರ್ಧ ಗಂಟೆ. ಮೊದಲ 20 ಅಭ್ಯಾಸ ಮುಗಿಸಿ, ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಕರಾವಳಿ_ಕೀಸ್
ನಾನು ಮಂಗಳೂರಿನಲ್ಲಿ ಮಕ್ಕಳಿಗೂ ದೊಡ್ಡವರಿಗೂ ಪಿಯಾನೊ ಹೇಳಿಕೊಡುತ್ತೇನೆ, ಚರ್ಚ್ ಕಾಯಿರ್‌ಗೂ ನುಡಿಸುತ್ತೇನೆ. ನೀವು ಹೇಳಿದ ತೊಂದರೆ ನನ್ನ ಹತ್ತಿರ ಬರುವ ಹೆಚ್ಚುಕಮ್ಮಿ ಎಲ್ಲರಿಗೂ ಇರುತ್ತದೆ, ಹಾಗಾಗಿ ಗಾಬರಿ ಬೇಡ. ಪುಸ್ತಕದ ಹೆಸರು ಆಮೇಲೆ ನೋಡೋಣ. ಮೊದಲು ಒಂದು ಪ್ರಶ್ನೆ. ಎಡವುವುದು ಎಲ್ಲಿ? ಎರಡು ಕೈ ಬೇರೆ ಬೇರೆ ದಿಕ್ಕಿಗೆ ಹೋಗುವಾಗಲೋ, ಅಥವಾ ಬೇರೆ ಬೇರೆ ಲಯದಲ್ಲಿ ಹೋಗುವಾಗಲೋ? ಎರಡಕ್ಕೂ ಔಷಧ ಬೇರೆ.

ಮತ್ತೆ @ಬೆರಳು_ಬಲ, ಹ್ಯಾನನ್ ಬೆರಳಿಗೆ ಒಳ್ಳೆಯದು, ಒಪ್ಪುತ್ತೇನೆ. ಆದರೆ ಆ ಮೊದಲ 20ರಲ್ಲಿ ಎರಡು ಕೈಯೂ ಒಂದು ಆಕ್ಟೇವ್ (ಸಾ ಇಂದ ಮೇಲಿನ ಸಾ ವರೆಗಿನ) ಅಂತರದಲ್ಲಿ ಅದೇ ಸ್ವರವನ್ನು ಅದೇ ಹೊತ್ತಿಗೆ ನುಡಿಸುತ್ತವೆ. ಇವರ ಎಡಗೈ ಈಗಾಗಲೇ ಬಲಗೈಯನ್ನು ಹಿಂಬಾಲಿಸುತ್ತಿದೆ. ಅದೇ ಚಾಳಿಯನ್ನು ದಿನಾ ಅರ್ಧ ಗಂಟೆ ಗಟ್ಟಿ ಮಾಡಿಸಬೇಕಾ?

ಬೆರಳು_ಬಲ
ಅದೇ ಸ್ವರ ಹೌದು, ಅದೇ ಬೆರಳಲ್ಲ. ಬಲಗೈ ಹೆಬ್ಬೆರಳು ಒತ್ತುವಾಗ ಎಡಗೈ ಕಿರುಬೆರಳು ಒತ್ತುತ್ತದೆ. ಅದೂ ಹೊಂದಾಣಿಕೆಯೇ ಅಲ್ವಾ? 1873ರಲ್ಲಿ ಬಂದ ಪುಸ್ತಕ ಇವತ್ತಿಗೂ ಮಾರಾಟವಾಗುತ್ತಿದೆ ಅಂದರೆ ಸುಮ್ನೆ ಅಲ್ಲ. ಮೆಟ್ರೊನೋಮ್ (ಲಯ ತಟ್ಟುವ ಯಂತ್ರ) ನಿಮಿಷಕ್ಕೆ 60 ಬಡಿತದಲ್ಲಿ ಶುರು ಮಾಡಿ 108ರವರೆಗೆ ಏರಿಸಿ ಅಂತ ಹ್ಯಾನನ್ ಅವರೇ ಬರೆದಿದ್ದಾರೆ. ಎಷ್ಟು ಜನ ಅಷ್ಟು ತಾಳ್ಮೆಯಿಂದ ಮಾಡುತ್ತಾರೆ ಹೇಳಿ. ಮಾಡದೆ ಬೈಯುವವರೇ ಜಾಸ್ತಿ.

ಚೆರ್ನಿ_ಅಭಿಮಾನಿ
ಟೀಚರ್ ಕೊಟ್ಟಿದ್ದನ್ನು ಬಿಡಬೇಡಿ. ಓಪಸ್ 599ರಲ್ಲಿ 100 ಅಭ್ಯಾಸಗಳಿವೆ, ಅವನ್ನು ಜೋಡಿಸಿದ ಕ್ರಮದಲ್ಲೇ ಪಾಠ ಇದೆ. ಶುರುವಿನಲ್ಲಿ ಕೈ ಜಾಗ ಬಿಟ್ಟು ಕದಲುವುದಿಲ್ಲ. ಎಡಗೈಗೂ ಬಲಗೈಯ ಟ್ರೆಬಲ್ ಕ್ಲೆಫ್ಫೇ (ಮೇಲಿನ ಸ್ವರಗಳನ್ನು ಬರೆಯುವ ಗುರುತು) ಇರುತ್ತದೆ, ಯಾಕಂದರೆ ಓದುವ ಕಷ್ಟ ಬೇರೆ, ಕೈ ಹೊಂದಿಸುವ ಕಷ್ಟ ಬೇರೆ, ಎರಡನ್ನೂ ಒಂದೇ ಸಲ ಹೊರಿಸಬಾರದು ಅಂತ. ಕೆಳಗಿನ ಸ್ವರಗಳ ಬೇಸ್ ಕ್ಲೆಫ್ ತಡವಾಗಿ ಬರುತ್ತದೆ. ಕಾರ್ಲ್ ಚೆರ್ನಿ ಹುಡುಗನಾಗಿದ್ದಾಗ ಬೀಥೋವನ್ ಹತ್ತಿರ ಕಲಿತವರು, ಆಮೇಲೆ ವಿಯೆನ್ನಾದಲ್ಲಿ ಪುಟ್ಟ ಹುಡುಗ ಫ್ರಾಂಜ್ ಲಿಸ್ಟ್‌ಗೆ ಪಾಠ ಹೇಳಿದವರು. ಬದುಕಿಡೀ ಪಾಠ ಹೇಳಿದ ಮನುಷ್ಯ. ಹೊಸಬರ ಕೈ ಎಲ್ಲಿ ಎಡವುತ್ತದೆ ಅಂತ ಅವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ?

ಹೊಸಬ_ಕೀಲಿಮಣೆ
@ಕರಾವಳಿ_ಕೀಸ್ ಮೇಡಂ, ನೀವು ಕೇಳಿದ್ದಕ್ಕೆ ಈಗ ಕೂತು ನೋಡಿದೆ. ದಿಕ್ಕು ಬೇರೆಯಾದರೆ ಅಷ್ಟು ತೊಂದರೆ ಇಲ್ಲ. ಎಡಗೈಯಲ್ಲಿ ಸಿ-ಜಿ-ಇ-ಜಿ ಅಂತ ಎಂಟು ಚಿಕ್ಕ ಸ್ವರ ಓಡುತ್ತಿರುತ್ತವೆ, ಮೇಲೆ ಬಲಗೈ ಒಂದು ಉದ್ದ ಸ್ವರ ಹಿಡಿದುಕೊಂಡು ನಿಲ್ಲಬೇಕು. ಅಲ್ಲೇ ಕೆಡುತ್ತದೆ. ಒಂದೋ ಎಡಗೈ ನಿಲ್ಲುತ್ತದೆ, ಇಲ್ಲ ಬಲಗೈ ಹಿಡಿದ ಸ್ವರವನ್ನು ಬಿಟ್ಟುಬಿಡುತ್ತದೆ.

ಕರಾವಳಿ_ಕೀಸ್
ಹಾಗಾದರೆ ಇದು ಲಯದ ತೊಂದರೆ. ಸಿ-ಜಿ-ಇ-ಜಿ ಮಾದರಿಗೆ ಆಲ್ಬರ್ಟಿ ಬೇಸ್ ಅಂತ ಹೆಸರು, 18ನೇ ಶತಮಾನದ ಡೊಮೆನಿಕೊ ಆಲ್ಬರ್ಟಿ ಅದನ್ನು ತುಂಬಾ ಬಳಸಿದ್ದರಿಂದ. ಮೊಜಾರ್ಟ್ 1788ರಲ್ಲಿ ಹೊಸಬರಿಗೆ ಅಂತಲೇ ಬರೆದ ಸಿ ಮೇಜರ್ ಸೊನಾಟಾ, ಕೆ 545, ಶುರುವಾಗುವುದೇ ಅದರಿಂದ. ಅಂದರೆ ಮುಂದೆ ನುಡಿಸುವ ಎಷ್ಟೋ ಸಂಗೀತಕ್ಕೆ ಇದು ಬೇಕೇ ಬೇಕು.

ನಾನು ಮಾಡಿಸುವುದು ಹೀಗೆ. ಆ ಮೂರು ಸ್ವರವನ್ನು ಒಡೆಯದೆ ಒಟ್ಟಿಗೆ ಒತ್ತಿ, ಬಾರ್‌ಗೆ (ತಾಳದ ಒಂದು ಸುತ್ತಿಗೆ) ಒಂದೇ ಸಲ. ಮೇಲೆ ಬಲಗೈ ಪೂರ್ತಿ ನುಡಿಯಲಿ. ಅದು ಬಂದ ಮೇಲೆ ಬಾರ್‌ಗೆ ಎರಡು ಸಲ ಒತ್ತಿ. ಆಮೇಲೆ ಒಡೆದು ನುಡಿಸಿ. ಇಷ್ಟಾದರೂ ಆ ಬಾರ್ ಕೆಡುತ್ತಿದ್ದರೆ ಪಿಯಾನೊ ಮುಚ್ಚಿ ಮೇಜಿನ ಮೇಲೆ ತಟ್ಟಿ. ಬರೀ ಲಯ, ಸ್ವರ ಬೇಡ. ಬಾಯಲ್ಲಿ ಹೇಳುತ್ತಾ ತಟ್ಟಿ: "ಒಟ್ಟಿಗೆ, ಎಡ, ಎಡ, ಎಡ". ಇದರಲ್ಲಿ ಮೊದಲನೆಯದು ಎರಡು ಕೈಯೂ ಕೂಡುವ ಜಾಗ, ಉಳಿದ ಮೂರು ಎಡಗೈಯೊಂದೇ. ಬಲಗೈ ಅಷ್ಟೂ ಹೊತ್ತು ಮೇಜಿನ ಮೇಲೆ ಒತ್ತಿಕೊಂಡೇ ಇರಬೇಕು, ಎತ್ತಬಾರದು. ಶೀಟ್ ಮ್ಯೂಸಿಕ್‌ನಲ್ಲೂ ಎರಡು ಕೈ ಕೂಡುವ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಉದ್ದ ಗೆರೆ ಎಳೆದುಕೊಳ್ಳಿ.

ಎರಡು ಕೈಯಲ್ಲಿ ಎರಡು ಕೆಲಸ ಮಾಡುತ್ತಿದ್ದೇನೆ ಅಂತ ಯೋಚಿಸಿದರೆ ತಲೆ ಕೆಡುತ್ತದೆ. ಎರಡೂ ಸೇರಿ ಒಂದೇ ಲಯ ಆಗುತ್ತದೆ, ಆ ಒಂದು ಲಯವನ್ನು ಕಲಿಯಿರಿ. ಕೂಡುವ ಜಾಗ ಗೊತ್ತಾದರೆ ಉಳಿದದ್ದನ್ನು ಬೆರಳು ಹುಡುಕಿಕೊಳ್ಳುತ್ತದೆ.

ಧಾರವಾಡದ_ಪೇಟಿ
ಮೇಡಂ ಹೇಳಿದ್ದು ನೂರಕ್ಕೆ ನೂರು ಖರೆ. ನಂದೂ ಒಂದು ಕಥೆ ಇದೆ ನೋಡ್ರಿ. ಚಿಕ್ಕವನಿದ್ದಾಗಿಂದ ಪೇಟಿ ನುಡಿಸಿದವನು ನಾನು, ಭಜನೆಗೆ, ಹಾಡುವವರ ಸಾಥಿಗೆ. ಹಾರ್ಮೋನಿಯಂನಲ್ಲಿ ಎಡಗೈಗೆ ಗಾಳಿ ಹಾಕುವುದೊಂದೇ ಕೆಲಸ, ಬೆರಳಿಗೆ ಕೆಲಸವೇ ಇಲ್ಲ. ಮಗಳ ಜೊತೆ ಪಿಯಾನೊ ಮುಂದೆ ಕೂತಾಗ ಬಲಗೈ ಹರಿದಾಡಿತು, ಎಡಗೈ ಬೆರಳಿಗೆ ಏನೂ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಬಲಗೈಯಲ್ಲಿ ಸ್ವರ ಜೋರು ಬರಬೇಕು ಅನ್ನಿಸಿದರೆ ಎಡಗೈ ತಾನಾಗಿ ಜೋರು ಮಾಡುತ್ತಿತ್ತು, ಯಾಕಂದರೆ ಪೇಟಿಯಲ್ಲಿ ಜೋರು ಬರುವುದೇ ಗಾಳಿಯಿಂದ!

ನನಗೆ ಉಪಯೋಗ ಆಗಿದ್ದು ಒಂದು ಸಣ್ಣ ಅಭ್ಯಾಸ. ಎಡಗೈಯಲ್ಲಿ ಸಾ ಮತ್ತು ಪಾ ಒಟ್ಟಿಗೆ ಹಿಡಿದುಕೊಂಡು, ತಂಬೂರಿ ಹಾಗೆ, ಅತಿ ಮೆಲ್ಲಗೆ. ಬಲಗೈಯಲ್ಲಿ ಏನು ಬೇಕಾದರೂ ನುಡಿಸುವುದು, ಮೆಲ್ಲಗೆ, ಜೋರಾಗಿ, ಮತ್ತೆ ಮೆಲ್ಲಗೆ. ಎಡಗೈ ಸದ್ದು ಬದಲಾಗಬಾರದು. ಅದು ಬಂದ ಮೇಲೆ ಉಳಿದದ್ದು ಹಗುರಾಯಿತು.

ಸಂಜೆಮಲ್ಲಿಗೆ
ಮಧ್ಯೆ ಬಂದೆ, ಕ್ಷಮಿಸಿ. ನನ್ನ ಮಗನಿಗೆ ಏಳು ವರ್ಷ, ಮೈಸೂರಿನಲ್ಲಿ ಕಲಿಯುತ್ತಿದ್ದಾನೆ. ಅವನಿಗೂ ಇದೇ ಕಥೆ. ಚೆರ್ನಿ ತೆಗೆದರೆ ಓಡಿಹೋಗುತ್ತಾನೆ. ಮಕ್ಕಳಿಗೆ ಬೇರೆ ಏನಾದರೂ ಇದೆಯಾ?

ಲೈಪ್‌ಜಿಗ್_ಅಮ್ಮ
ಇದೆ ಇದೆ. ಡಿಯಾಬೆಲ್ಲಿ ಓಪಸ್ 149. ನಾಲ್ಕು ಕೈಗೆ ಬರೆದ ಚಿಕ್ಕ ಚಿಕ್ಕ ಡ್ಯುಯೆಟ್‌ಗಳು. ಮಗುವಿನ ಭಾಗ ಪೂರ್ತಿ ಐದೇ ಸ್ವರದೊಳಗೆ, ಕೈ ಕದಲಿಸುವುದೇ ಬೇಡ. ಟೀಚರ್ ಭಾಗದಲ್ಲಿ ಸಂಗೀತ ತುಂಬಿಕೊಂಡಿರುತ್ತದೆ, ಹಾಗಾಗಿ ಮಗುವಿಗೆ ತಾನು ದೊಡ್ಡ ಕಛೇರಿ ಮಾಡುತ್ತಿದ್ದೇನೆ ಅನ್ನಿಸುತ್ತದೆ. ನಾವು ಜರ್ಮನಿಯಲ್ಲಿದ್ದೇವೆ, ನನ್ನ ಮಗಳು ಇಲ್ಲಿನ ಸಂಗೀತ ಶಾಲೆಯಲ್ಲಿ ಅದರಿಂದಲೇ ಶುರು ಮಾಡಿದ್ದು. ಜೊತೆಗೆ ಇನ್ನೊಬ್ಬರು ನುಡಿಸುತ್ತಿದ್ದರೆ ತಪ್ಪಿದ ತಕ್ಷಣ ನಿಂತು ಮತ್ತೆ ಮೊದಲಿಂದ ಶುರು ಮಾಡುವ ಅಭ್ಯಾಸವೂ ತಪ್ಪುತ್ತದೆ. ದೊಡ್ಡವರಿಗೂ ಇದೇ ಬೇಕು ಅಂತ ನನ್ನ ಅಭಿಪ್ರಾಯ.

ಮಿಕ್ರೋಕಾಸ್ಮೊಸ್ ಬಗ್ಗೆಯೂ ಹೇಳುತ್ತೇನೆ. ಆರು ಸಂಪುಟ, ಒಟ್ಟು 153 ತುಣುಕು, ಬಾರ್ಟೋಕ್ ತಮ್ಮ ಮಗ ಪೀಟರ್‌ಗೆ ಮೊದಲೆರಡು ಸಂಪುಟ ಅರ್ಪಿಸಿದ್ದಾರೆ. ಮೊದಲ ಆರರಲ್ಲಿ ಎರಡು ಕೈಗೂ ಒಂದೇ ರಾಗ. ಆಮೇಲೆ ಒಂದು ಕೈ ಇನ್ನೊಂದರ ಕನ್ನಡಿ ಆಗುತ್ತದೆ. ಆಮೇಲೆ ಒಂದು ಕೈ ಹಾಡಿದ್ದನ್ನು ಇನ್ನೊಂದು ಸ್ವಲ್ಪ ತಡವಾಗಿ ಹಾಡುತ್ತದೆ, ಅಂದರೆ ಕ್ಯಾನನ್. ಇದೆಲ್ಲ ಮೊದಲ ಸಂಪುಟದಲ್ಲೇ, 36 ತುಣುಕಿನೊಳಗೆ. ಎಡಗೈಯನ್ನು ಬಲಗೈಯ ಆಳಿನಂತೆ ಅದು ನೋಡುವುದೇ ಇಲ್ಲ. ಚೆರ್ನಿಯಲ್ಲಿ ಪುಟದ ಮೇಲೆ ಪುಟ ಎಡಗೈ ಬರೀ ಡಂ-ಚಿಕ್-ಚಿಕ್. ನನಗೆ ಅದು ಸರಿ ಕಾಣುವುದಿಲ್ಲ.

ಚೆರ್ನಿ_ಅಭಿಮಾನಿ
ಡಂ-ಚಿಕ್-ಚಿಕ್ ಅಂತ ತಳ್ಳಿಹಾಕಬೇಡಿ. ಎಡಗೈ ಒಂದೇ ಮಾದರಿಯನ್ನು ಯೋಚನೆ ಇಲ್ಲದೆ ನಡೆಸುವ ಹಂತಕ್ಕೆ ಬಂದರೆ ತಾನೇ ಕಿವಿ ಬಲಗೈ ಮೇಲೆ ನಿಲ್ಲುವುದು? ಕ್ಯಾನನ್ ಮೊದಲೇ ಕೊಟ್ಟರೆ ಎರಡೂ ಕಡೆ ಗಮನ ಬೇಕು, ಹೊಸಬರು ಸೋತುಹೋಗುತ್ತಾರೆ. ಬಾರ್ಟೋಕ್ ಸಂಗೀತದ ಸ್ವರ ಹೊಂದಾಣಿಕೆಯೂ ಬೇರೆ ಥರ, ತಪ್ಪು ಒತ್ತಿದರೆ ತಪ್ಪು ಅಂತ ಗೊತ್ತೇ ಆಗುವುದಿಲ್ಲ.

ಲೈಪ್‌ಜಿಗ್_ಅಮ್ಮ
ಗೊತ್ತಾಗುತ್ತದೆ. ಕೇಳಿಸಿಕೊಂಡರೆ. ಅದನ್ನೇ ಕಲಿಸಬೇಕಾಗಿರುವುದು.

ಮತ್ತೆ @ಕರಾವಳಿ_ಕೀಸ್ ಅವರೇ, "ಎರಡೂ ಸೇರಿ ಒಂದೇ ಲಯ" ಅಂದಿರಲ್ಲ, ಅದು ಆಲ್ಬರ್ಟಿ ಬೇಸ್‌ಗೆ ಸರಿ. ಬಾಖ್‌ಗೆ ಬಂದಾಗ ಏನು ಮಾಡುತ್ತೀರಿ? 1723ರಲ್ಲಿ ಶುದ್ಧಪ್ರತಿ ಮಾಡಿದ, ಎರಡು ದನಿಯ ಚಿಕ್ಕ ತುಣುಕುಗಳಾದ ಇನ್ವೆನ್ಶನ್‌ಗಳ ಮೊದಲ ಪುಟದಲ್ಲೇ, ಎರಡು ದನಿಯನ್ನು ಚೊಕ್ಕಟವಾಗಿ ನುಡಿಸಲು ಕಲಿಯಬೇಕು, ಹಾಡಿದಂತೆ ನುಡಿಸಬೇಕು ಅಂತ ಅವರು ಬರೆದುಕೊಂಡಿದ್ದಾರೆ. ಎರಡು ದನಿ ಅಂದರೆ ಇಬ್ಬರು ಹಾಡುವವರು. ಒಬ್ಬರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಇನ್ನೊಬ್ಬರು ತೆಗೆದುಕೊಳ್ಳುವುದಿಲ್ಲ.

ಕರಾವಳಿ_ಕೀಸ್
ಒಪ್ಪಿದೆ, ಆದರೆ ಅದು ಎರಡನೇ ಮೆಟ್ಟಿಲು. ಬೆರಳು ಯಾವಾಗ ಬೀಳಬೇಕು ಅನ್ನುವುದು ಒಂದೇ ಲಯವಾಗಿ ಮೈಗೆ ಹತ್ತಿದ ಮೇಲೆ ತಾನೇ ಎರಡು ದನಿಯನ್ನು ಕಿವಿ ಬಿಡಿಸಿ ಕೇಳಲು ಸಾಧ್ಯ? ಬಾಖ್‌ಗೆ ನಾನು ಇನ್ನೊಂದು ಮಾಡಿಸುತ್ತೇನೆ. ಒಂದು ದನಿ ಹಾಡಿ, ಇನ್ನೊಂದನ್ನು ನುಡಿಸಿ. ಆಮೇಲೆ ಅದಲು ಬದಲು. ಹಾಡಲು ನಾಚಿಕೆ ಪಡುವವರು ಇಲ್ಲಿ ತುಂಬಾ ಕಷ್ಟಪಡುತ್ತಾರೆ.

ಇನ್ವೆನ್ಶನ್ ಹೊಸಬರಿಗೆ ದೂರದ ಮಾತು ಬಿಡಿ. ಅದಕ್ಕೆ ಮುಂಚೆ ಬಾಖ್ ಅವರ ಹೆಂಡತಿ ಅನ್ನಾ ಮಗ್ದಲೇನಾ ಅವರ ನೋಟ್‌ಬುಕ್ ಇದೆ.

ರಾಗಿರೊಟ್ಟಿ
ಬಾಖ್ ಬರೆದ ಜಿ ಮೇಜರ್ ಮಿನುಯೆಟ್ (ನೃತ್ಯದ ತುಣುಕು) ಅದರಲ್ಲೇ ಇರೋದು ಅಲ್ವಾ? ಅದು ಸಖತ್ ಚೆನ್ನಾಗಿದೆ.

ಚೆರ್ನಿ_ಅಭಿಮಾನಿ
ಅದರಲ್ಲೇ ಇದೆ, ಆದರೆ ಬರೆದವರು ಬಾಖ್ ಅಲ್ಲ, ಕ್ರಿಸ್ಟಿಯಾನ್ ಪೆಟ್ಸೋಲ್ಡ್. ಡ್ರೆಸ್ಡೆನ್‌ನ ಆರ್ಗನ್ ವಾದಕ. 1725ರ ನೋಟ್‌ಬುಕ್‌ನಲ್ಲಿ ಅವರ ಹೆಸರು ಬರೆದಿರಲಿಲ್ಲ, ಹಾಗಾಗಿ ಎಲ್ಲರೂ ಬಾಖ್ ಅಂದುಕೊಂಡರು. 1970ರ ದಶಕದಲ್ಲಿ ನಿಜ ಹೊರಬಂತು. ಅದರ ಪಕ್ಕದ ಜಿ ಮೈನರ್ ಮಿನುಯೆಟ್ ಕೂಡ ಅವರದೇ. ಕೈ ಹೊಂದಿಸಲು ಜಿ ಮೈನರ್‌ನದ್ದು ನನಗೆ ಇನ್ನೂ ಇಷ್ಟ, ಎಡಗೈ ನಿಧಾನಕ್ಕೆ ನಡೆಯುತ್ತದೆ, ಕೇಳಿಸಿಕೊಳ್ಳಲು ಸಮಯ ಸಿಗುತ್ತದೆ.

ತಕಧಿಮಿ
ಇಷ್ಟು ಹೊತ್ತಾಯಿತು, ಯಾರೂ ನಮ್ಮ ತಾಳದ ಬಗ್ಗೆ ಹೇಳಲಿಲ್ಲ! ನಾನು ಮೃದಂಗದವನು. ಬಲಗೈ ಒಂದು ಹೇಳುತ್ತದೆ, ಎಡಗೈ ತೊಪ್ಪಿಯಲ್ಲಿ, ಅಂದರೆ ಮೃದಂಗದ ಎಡ ಮುಖದಲ್ಲಿ, ಬೇರೆ ಹೇಳುತ್ತದೆ, ಬಾಯಲ್ಲಿ ಸೊಲ್ಲು. ಮೃದಂಗ ಬೇಡ, ಹಾಡುಗಾರಿಕೆ ಕಲಿತವರನ್ನೇ ತೆಗೆದುಕೊಳ್ಳಿ. ಸರಳೆ ವರಸೆ, ಅಂದರೆ ಮೊದಲ ಸ್ವರಪಾಠ, ಮೂರನೇ ಕಾಲದಲ್ಲಿ ಹಾಡುವಾಗ ಬಾಯಿ ಎಷ್ಟು ಓಡುತ್ತದೆ, ಕೈ ಆದಿತಾಳವನ್ನು ಅದೇ ನಿಧಾನದಲ್ಲಿ ಹಾಕುತ್ತಿರುತ್ತದೆ. ಇದು ಹೊಂದಾಣಿಕೆ ಅಲ್ಲದೆ ಇನ್ನೇನು? ಚಿಕ್ಕಂದಿನಲ್ಲಿ ಇದನ್ನು ಕಲಿತವರು ಪಿಯಾನೊಗೆ ಬಂದರೆ ಅರ್ಧ ಕೆಲಸ ಆಗಿಹೋಗಿರುತ್ತದೆ.

ಮೇಡಂ ಹೇಳಿದ "ಒಂದೇ ಲಯ" ನಮಗೆ ಹಳೆಯ ವಿಷಯ. ಉದಾಹರಣೆಗೆ ಒಂದು ಕೈ ಮೂರು, ಇನ್ನೊಂದು ಕೈ ಎರಡು. ಎಲ್ಲರೂ ಹೆದರುತ್ತಾರೆ. "ತಕಿಟ ತಕಿಟ" ಅಂತ ಆರು ಅಕ್ಷರ ಹೇಳಿ. ಎಡಗೈ ಎರಡು "ತ" ಮೇಲೆ ಬೀಳಲಿ. ಬಲಗೈ ಮೊದಲ "ತ", ಮೊದಲ "ಟ", ಎರಡನೇ "ಕಿ" ಮೇಲೆ ಬೀಳಲಿ. ಈಗ ಏನಾಯಿತು? ಒಟ್ಟಿಗೆ, ಬಲ, ಎಡ, ಬಲ. ಅಷ್ಟೇ. ಮೊದಲು ನಿಧಾನಕ್ಕೆ ಹೇಳಿ, ಆಮೇಲೆ ಬಾಯಿ ನಿಲ್ಲಿಸಿದರೂ ಕೈ ನಡೆಯುತ್ತದೆ.

ರಾಗಿರೊಟ್ಟಿ
ಓದುತ್ತಾ ತೊಡೆ ಮೇಲೆ ತಟ್ಟಿ ನೋಡಿದೆ, ಬಂತು!! ಇಷ್ಟು ವರ್ಷ ಇದನ್ನು ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ.

ಚೆರ್ನಿ_ಅಭಿಮಾನಿ
ಚೆನ್ನಾಗಿದೆ, ಆದರೆ ಹೊಸಬರಿಗೆ ಮೂರಕ್ಕೆ ಎರಡು ಈಗಲೇ ಬೇಡ. ಅದು ಡೆಬ್ಯುಸಿಯ ಮೊದಲ ಅರಾಬೆಸ್ಕ್ ತಲುಪಿದಾಗ ಬೇಕು. ಪ್ರಶ್ನೆ ಕೇಳಿದವರು ಇನ್ನೂ ಆಲ್ಬರ್ಟಿ ಬೇಸ್‌ನಲ್ಲಿದ್ದಾರೆ.

ತಕಧಿಮಿ
ಬೇಡ ಅಂದರೆ ಹೇಗೆ ಸಾರ್? ಎರಡು ಕೈ ಎಲ್ಲಿ ಕೂಡುತ್ತದೆ ಅಂತ ಬಾಯಲ್ಲಿ ಹೇಳುವ ಅಭ್ಯಾಸವನ್ನು ಹೇಳಿದೆ, ಅದು ಎಲ್ಲ ಹಂತಕ್ಕೂ ಬೇಕು. ಆಲ್ಬರ್ಟಿ ಬೇಸ್‌ಗೂ "ತಕದಿಮಿ" ಹೇಳಿಕೊಂಡು ನುಡಿಸಬಹುದು. "ತ" ಮೇಲೆ ಕೂಡುತ್ತದೆ.

ಎರಡುಮನೆ_ಶ್ರುತಿ
ತಾಳದ ಮಾತು ಬಂತು, ಸ್ವರದ ಮಾತನ್ನೂ ಸೇರಿಸುತ್ತೇನೆ. ನಾನು ಕರ್ನಾಟಕ ಸಂಗೀತ ಹಾಡುವವಳು, ಪಿಯಾನೊ ಆಮೇಲೆ ಕಲಿತದ್ದು. ಇದನ್ನು ಯಾವ ಪುಸ್ತಕದಿಂದಲೂ ತೆಗೆದುಕೊಂಡಿಲ್ಲ, ಕೀಲಿಮಣೆ ಮುಂದೆ ಕೂತು ಹುಡುಕಿದ್ದು. ದಯವಿಟ್ಟು ನುಡಿಸಿ ನೋಡಿ.

ಎರಡು ಕೈಗೆ ಅತ್ಯಂತ ಸುಲಭವಾದದ್ದು ಎದುರು ಬದುರು ಹೋಗುವುದು, ಅಂದರೆ ಕಾಂಟ್ರರಿ ಮೋಶನ್. ಬಲಗೈ ಮೇಲೆ, ಎಡಗೈ ಕೆಳಗೆ. ಆಗ ಹೆಬ್ಬೆರಳಿಗೆ ಹೆಬ್ಬೆರಳು, ತೋರುಬೆರಳಿಗೆ ತೋರುಬೆರಳು. ಒಂದೇ ದಿಕ್ಕಿಗೆ ಹೋದರೆ ಬೆರಳು ಬೇರೆ ಬೇರೆ. ಸಿ ಮೇಜರ್ ಸ್ಕೇಲ್‌ನಲ್ಲಿ ಒಂದೇ ದಿಕ್ಕಿಗೆ ಹೋದಾಗ ಒಂದು ಆಕ್ಟೇವ್‌ನಲ್ಲಿ ಎರಡೇ ಕಡೆ ಒಂದೇ ಬೆರಳು ಸಿಗುತ್ತದೆ, ಇ ಮತ್ತು ಎ ಮೇಲೆ, ಎರಡೂ ಕಡೆ ನಡುಬೆರಳು. ಹೊಸಬರ ಹೆಬ್ಬೆರಳು ದಾಟಿಸುವಾಗ ಎಡವಟ್ಟಾಗುವುದು ಇದರಿಂದಲೇ.

ಈಗ ಮಾಯಾಮಾಳವಗೌಳ ನೋಡಿ. ಪುರಂದರದಾಸರ ಕಾಲದಿಂದ ಬಂದದ್ದು ಅನ್ನುವ ನಮ್ಮ ಸರಳೆ ವರಸೆಯ ರಾಗ. ಅದರ ಸ್ವರಗಳ ನಡುವಿನ ಅಂತರ ಸಾ ಇಂದ ಮೇಲಕ್ಕೆ ಹೋದರೂ ಕೆಳಕ್ಕೆ ಬಂದರೂ ಒಂದೇ (ಪಕ್ಕದ ಕೀಗೆ ಹೋದರೆ ಅರ್ಧ ಅಂತ ಲೆಕ್ಕ): ಅರ್ಧ, ಒಂದೂವರೆ, ಅರ್ಧ, ಒಂದು, ಅರ್ಧ, ಒಂದೂವರೆ, ಅರ್ಧ. ಇನ್ನೊಂದು ವಿಷಯ, ಕೀಲಿಮಣೆಯನ್ನು ಡಿ ಕೀ ಮೇಲೆ ಮಡಚಿದರೆ ಕಪ್ಪು ಕಪ್ಪಿನ ಮೇಲೆ, ಬಿಳಿ ಬಿಳಿಯ ಮೇಲೆ ಕೂರುತ್ತದೆ. ಸಿ ಮೇಲೆ ಮಡಚಿದರೆ ಕೂರುವುದಿಲ್ಲ. ಹಾಗಾಗಿ ಡಿ ಕೀಯನ್ನು ಸಾ ಮಾಡಿಕೊಳ್ಳಿ, ಅಂದರೆ ಎರಡು ಮನೆ ಶ್ರುತಿ. ಎಡಗೈ ಹೆಬ್ಬೆರಳು ಒಂದು ಡಿ ಮೇಲೆ, ಬಲಗೈ ಹೆಬ್ಬೆರಳು ಅದರ ಮೇಲಿನ ಡಿ ಮೇಲೆ. ಬಲಗೈ ಸಾ ರೀ ಗಾ ಮಾ ಪಾ ದಾ ನೀ ಸಾ ಮೇಲೆ ಹೋಗಲಿ, ಎಡಗೈ ಸಾ ನೀ ದಾ ಪಾ ಮಾ ಗಾ ರೀ ಸಾ ಕೆಳಗೆ ಹೋಗಲಿ. ಫಿಂಗರಿಂಗ್ (1 ಅಂದರೆ ಹೆಬ್ಬೆರಳು, 5 ಅಂದರೆ ಕಿರುಬೆರಳು) ಎರಡಕ್ಕೂ 1 2 3, 1 2 3 4 5. ಒಂದು ಬಿಳಿ, ಎರಡು ಕಪ್ಪು, ಎರಡು ಬಿಳಿ, ಎರಡು ಕಪ್ಪು, ಒಂದು ಬಿಳಿ. ಎರಡು ಕೈಗೂ ಅದೇ ಬೆರಳು, ಅದೇ ಬಣ್ಣ, ಅದೇ ದೂರ. ಎಡಗೈ ಪೂರ್ತಿ ಬಲಗೈಯ ಕನ್ನಡಿ. ಎಡಗೈಗೆ ಹೆಬ್ಬೆರಳು ದಾಟಿಸುವುದನ್ನು ಬಲಗೈ ನೋಡಿ ಕಲಿಸಲು ಇದಕ್ಕಿಂತ ಒಳ್ಳೆಯ ಸ್ಕೇಲ್ ನನಗೆ ಸಿಕ್ಕಿಲ್ಲ.

ಕರಾವಳಿ_ಕೀಸ್
ಮೇಡಂ, ಈಗಷ್ಟೇ ಎದ್ದು ಹೋಗಿ ನುಡಿಸಿ ಬಂದೆ. ನಿಜ! ಎರಡು ಕಪ್ಪು ಕೀ ಮೇಲೆ ಉದ್ದ ಬೆರಳು, ಬಿಳಿ ಮೇಲೆ ಹೆಬ್ಬೆರಳು. ಶೋಪ್ಯಾನ್ ತಮ್ಮ ಶಿಷ್ಯರಿಗೆ ಸ್ಕೇಲ್‌ಗಳಲ್ಲಿ ಸಿ ಮೇಜರ್ ಬಿಟ್ಟು ಬಿ ಮೇಜರ್ ಮೊದಲು ಕೊಡುತ್ತಿದ್ದದ್ದೂ ಇದೇ ಕಾರಣಕ್ಕೆ. ಉದ್ದ ಬೆರಳಿಗೆ ಕಪ್ಪು ಕೀ ಸಿಕ್ಕರೆ ಕೈ ಸಹಜವಾಗಿ ಕೂರುತ್ತದೆ. ಬಿ ಮೇಜರ್‌ನಲ್ಲಿ ಒಂದೇ ದಿಕ್ಕಿಗೆ ಹೋದರೂ ಹೆಬ್ಬೆರಳು ಎರಡೂ ಒಟ್ಟಿಗೆ ಬೀಳುತ್ತವೆ, ಇ ಮತ್ತು ಬಿ ಮೇಲೆ. ನಿಮ್ಮದನ್ನು ನಾಳೆಯೇ ಕ್ಲಾಸಿನಲ್ಲಿ ಮಾಡಿಸುತ್ತೇನೆ.

ಶುದ್ಧ_ಸಂಪ್ರದಾಯ
ಪಿಯಾನೊ ಮೇಲೆ ಮಾಯಾಮಾಳವಗೌಳ ಅನ್ನಬೇಡಿ. ಗಮಕವೇ, ಅಂದರೆ ಸ್ವರದ ತೂಗಾಟವೇ, ಇಲ್ಲದ ಮೇಲೆ ಅದು ರಾಗವಲ್ಲ.

ಎರಡುಮನೆ_ಶ್ರುತಿ
ರಾಗ ಹಾಡುತ್ತಿದ್ದೇನೆ ಅಂತ ನಾನು ಹೇಳಲಿಲ್ಲ ಸರ್. ಆ ಏಳು ಸ್ವರದ ಮೆಟ್ಟಿಲನ್ನು ಬೆರಳಿಗೆ ಬಳಸುತ್ತಿದ್ದೇನೆ. ಪಾಠಾಂತರದ ಮೊದಲ ದಿನ ಮಕ್ಕಳೂ ಸರಳೆ ವರಸೆಯನ್ನು ಗಮಕ ಇಲ್ಲದೆ ಸ್ವರ ಹಿಡಿದು ತಾನೇ ಹಾಡುವುದು? ಅದರಿಂದ ಅವರಿಗೆ ಕೆಟ್ಟದ್ದೇನೂ ಆಗಲಿಲ್ಲ.

ಶುದ್ಧ_ಸಂಪ್ರದಾಯ
ಅಭ್ಯಾಸಕ್ಕೆ ಅಂದರೆ ಸರಿ. ಕಛೇರಿಗೆ ಬೇಡ.

ಮೈಸೂರು_ಪಾಕ
ಎರಡೂ ಸಂಗೀತ ಒಟ್ಟಿಗೆ ಹೋಗುವುದಿಲ್ಲ ಅನ್ನುವವರಿಗೆ ನಮ್ಮ ಮಹಾರಾಜರನ್ನು ನೆನಪಿಸುತ್ತೇನೆ. ಜಯಚಾಮರಾಜ ಒಡೆಯರ್ ಪಿಯಾನೊ ಚೆನ್ನಾಗಿ ಕಲಿತಿದ್ದರು, ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲ್‌ನ ಲೈಸೆನ್ಷಿಯೇಟ್ ಡಿಪ್ಲೊಮಾ ಪಡೆದಿದ್ದರು. 1940ರ ದಶಕದ ಕೊನೆಯಲ್ಲಿ ರಷ್ಯಾದ ಸಂಗೀತ ಸಂಯೋಜಕ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಸಂಗೀತ ರೆಕಾರ್ಡ್ ಆಗಲು ಹಣ ಕೊಟ್ಟವರು ಇವರೇ. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದಕ್ಕೆ ಬರೆದ ಕೃತಿ) ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. ಅದೇ ಮಹಾರಾಜರು "ಶ್ರೀವಿದ್ಯಾ" ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಮೈಸೂರಿನ ಮಕ್ಕಳಿಗೆ ಶಾಲೆಯಲ್ಲಿ ಇದನ್ನು ಹೇಳಿಕೊಡಬೇಕು.

ಸಂಜೆಮಲ್ಲಿಗೆ
ಮೈಸೂರಿನಲ್ಲೇ ಹುಟ್ಟಿ ಬೆಳೆದರೂ ಮೆಟ್ನರ್ ವಿಷಯ ಗೊತ್ತಿರಲಿಲ್ಲ. ಮಗನಿಗೆ ಇವತ್ತೇ ಹೇಳುತ್ತೇನೆ. ಆ ಕನ್ಸರ್ಟೊ ಕೇಳಿಸಲೂಬೇಕು.

ವೇದಿಕೆ_ನಿರ್ವಾಹಕ
ಮಹಾರಾಜರ ಬಗ್ಗೆ ಬೇರೆ ಎಳೆ ಶುರು ಮಾಡಿ, ಖಂಡಿತ ಮುಂದುವರಿಸೋಣ. ಇಲ್ಲಿ ಹೊಸಬರ ಅಭ್ಯಾಸಕ್ಕೆ ವಾಪಸ್ ಬನ್ನಿ.

ಹೊಸಬ_ಕೀಲಿಮಣೆ
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮೇಜಿನ ಮೇಲೆ ತಟ್ಟುವುದು ಮಾಡಿದೆ. "ಒಟ್ಟಿಗೆ, ಎಡ, ಎಡ, ಎಡ" ಅಂತ ಬಾಯಲ್ಲಿ ಹೇಳುತ್ತಿದ್ದರೆ ಬರುತ್ತದೆ, ಹೇಳುವುದು ನಿಲ್ಲಿಸಿದರೆ ಬಲಗೈ ಎದ್ದುಬಿಡುತ್ತದೆ. ಎರಡು ಮನೆ ಶ್ರುತಿಯ ಸ್ಕೇಲ್ ಮಾತ್ರ ಮೊದಲ ಸಲವೇ ಬಂತು, ಎಡಗೈ ಹೆಬ್ಬೆರಳು ತಾನಾಗಿ ಒಳಗೆ ಹೋಯಿತು. ತುಂಬಾ ಖುಷಿಯಾಯಿತು.

ಚೆರ್ನಿ ಜೊತೆಗೆ ಸಂಗೀತ ಅನ್ನಿಸುವಂಥದ್ದು ಒಂದಾದರೂ ನುಡಿಸಬೇಕು ಅಂತ ಆಸೆ. ಏನು ತೆಗೆದುಕೊಳ್ಳಲಿ?

ಕರಾವಳಿ_ಕೀಸ್
ಹೇಳುವುದು ನಿಲ್ಲಿಸಬೇಡಿ. ಅದಾಗೇ ನಿಲ್ಲುವವರೆಗೂ ಹೇಳಿ.

ಸಂಗೀತಕ್ಕೆ ಬುರ್ಗ್‌ಮ್ಯುಲರ್ ಓಪಸ್ 100. 25 ಸ್ಟಡೀಸ್, ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಭಾವ. ಮೊದಲನೆಯದು "ಲಾ ಕಾಂಡರ್". ಬಲಗೈ ಒಂದೇ ಸಮನೆ ಹರಿಯುತ್ತದೆ, ಎಡಗೈ ಉದ್ದ ಕಾರ್ಡ್ (ಒಟ್ಟಿಗೆ ಒತ್ತಿದ ಸ್ವರಗಳು) ಹಿಡಿದಿರುತ್ತದೆ. ನಿಮ್ಮ ತೊಂದರೆಯ ಉಲ್ಟಾ. ಹಿಡಿದುಕೊಳ್ಳುವ ಕೆಲಸ ಈಗ ಎಡಗೈಗೆ. ಎರಡನೆಯದು "ಅರಾಬೆಸ್ಕ್". ಅದರಲ್ಲಿ ಬಲಗೈ ಮಾಡಿದ ಓಟವನ್ನೇ ಮಧ್ಯದಲ್ಲಿ ಎಡಗೈ ಮಾಡಬೇಕು. ಮಕ್ಕಳು ಅದನ್ನು ಜೋರಾಗಿ ಓಡಿಸುತ್ತಾರೆ, ಎಡಗೈ ಭಾಗ ಬಂದಾಗ ಬೀಳುತ್ತಾರೆ. ಎಡಗೈಗೆ ಎಷ್ಟು ವೇಗ ಬರುತ್ತದೋ ಅದೇ ನಿಮ್ಮ ವೇಗ ಅಂತ ಇಟ್ಟುಕೊಳ್ಳಿ.

ಲೈಪ್‌ಜಿಗ್_ಅಮ್ಮ
ಅದರ ಜೊತೆಗೆ ಶುಮನ್ ಅವರ ಓಪಸ್ 68, ಮಕ್ಕಳಿಗೆ ಬರೆದ ಚಿಕ್ಕ ತುಣುಕುಗಳ ಸಂಗ್ರಹ, 1848ರದ್ದು. ಹತ್ತನೆಯದರಲ್ಲಿ, ಹೊಲದಿಂದ ಖುಷಿಯಾಗಿ ಮನೆಗೆ ಬರುವ ರೈತನ ಹಾಡಿನಲ್ಲಿ, ರಾಗ ಇರುವುದೇ ಎಡಗೈಯಲ್ಲಿ. ಬಲಗೈ ಬರೀ ಕಾರ್ಡ್ ಹಾಕುತ್ತದೆ, ಅದೂ ಎಡಗೈಯ ಪೆಟ್ಟು ಬಿದ್ದ ಮೇಲೆ. ಎಡಗೈ ಮುಂದಾಳು ಆದಾಗ ಕಿವಿ ಬೇರೆ ಥರ ಕೆಲಸ ಮಾಡುತ್ತದೆ. ಸ್ವಲ್ಪ ಮುಂದಿನ ಹಂತ, ಆದರೆ ಗುರಿಯಾಗಿ ಇಟ್ಟುಕೊಳ್ಳಿ.

ಬೆರಳು_ಬಲ
ನೀವೆಲ್ಲ ಹ್ಯಾನನ್ ಬಿಟ್ಟೇಬಿಟ್ಟಿರಿ. ಒಂದು ಮಾತು ಹೇಳುತ್ತೇನೆ. ಹ್ಯಾನನ್ ಮೊದಲನೆಯದನ್ನೇ ಬಲಗೈ ಲೆಗಾಟೊ (ಸ್ವರಗಳನ್ನು ಬಿಡದೆ ಜೋಡಿಸಿ), ಎಡಗೈ ಸ್ಟಕಾಟೊ (ಬಿಡಿಸಿ ಚುಟುಕಾಗಿ) ನುಡಿಸಿ ನೋಡಿ. ಆಮೇಲೆ ಬಲಗೈ ಜೋರು, ಎಡಗೈ ಮೆಲ್ಲಗೆ. ಸ್ವರ ಯೋಚಿಸುವ ಕೆಲಸ ಇಲ್ಲ, ಪೂರ್ತಿ ಗಮನ ಕೈಗಳ ವ್ಯತ್ಯಾಸದ ಮೇಲೆ. ಇದಕ್ಕೆ ಹ್ಯಾನನ್ ಥರದ ಸರಳ ವಸ್ತುವೇ ಬೇಕು.

ಕರಾವಳಿ_ಕೀಸ್
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಹೀಗೆ ಮಾಡುವುದಾದರೆ ಹ್ಯಾನನ್ ಇರಲಿ. ಮೊದಲೇ ಹೀಗೆ ಹೇಳಿದ್ದರೆ ಜಗಳವೇ ಇರುತ್ತಿರಲಿಲ್ಲ.

ಧಾರವಾಡದ_ಪೇಟಿ
ಎಡಗೈ ಮೆಲ್ಲಗೆ, ಬಲಗೈ ಜೋರು. ನನ್ನ ತಂಬೂರಿ ಅಭ್ಯಾಸವೂ ಅದೇ ಆಯಿತಲ್ರಿ. ನಾಳೆ ಹ್ಯಾನನ್ ತೆಗೆಯುತ್ತೇನೆ.

ಸಂಜೆಮಲ್ಲಿಗೆ
ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಇರುವುದು 61 ಕೀ ಕೀಬೋರ್ಡ್, ಒತ್ತಿದರೆ ಹಗುರ. ಇದೆಲ್ಲ ಅದರಲ್ಲಿ ಆಗುತ್ತದಾ? ಮತ್ತೆ ಈ ಪುಸ್ತಕಗಳೆಲ್ಲ ಎಲ್ಲಿ ಸಿಗುತ್ತವೆ?

ಚೆರ್ನಿ_ಅಭಿಮಾನಿ
ಡಿಯಾಬೆಲ್ಲಿ, ಚೆರ್ನಿ ಶುರುವಿನ ಅಭ್ಯಾಸಕ್ಕೆ 61 ಕೀ ಸಾಕಾಗುತ್ತದೆ. ಒತ್ತುವ ಬಲಕ್ಕೆ ತಕ್ಕಂತೆ ಸದ್ದು ಬದಲಾಗುತ್ತದಾ ಅಂತ ಮಾತ್ರ ನೋಡಿ. ಬದಲಾಗದಿದ್ದರೆ ಒಂದು ಕೈ ಮೆಲ್ಲಗೆ, ಒಂದು ಕೈ ಜೋರು ಅನ್ನುವ ಅಭ್ಯಾಸ ಆಗುವುದೇ ಇಲ್ಲ. ಕೆಲವು ಕೀಬೋರ್ಡ್‌ಗಳಲ್ಲಿ ಟಚ್ ಅಂತ ಸೆಟ್ಟಿಂಗ್ ಇರುತ್ತದೆ, ಆಫ್ ಆಗಿರಬಹುದು, ಆನ್ ಮಾಡಿ.

ಪುಸ್ತಕಗಳಿಗೆ ಐಎಂಎಸ್‌ಎಲ್‌ಪಿ ಅನ್ನುವ ತಾಣ ನೋಡಿ. ಚೆರ್ನಿ, ಡಿಯಾಬೆಲ್ಲಿ, ಬುರ್ಗ್‌ಮ್ಯುಲರ್, ಹ್ಯಾನನ್, ಶುಮನ್ ಎಲ್ಲ ಹಕ್ಕು ಮುಗಿದವು, ಪುಕ್ಕಟೆ ಇಳಿಸಿಕೊಂಡು ಪ್ರಿಂಟ್ ಮಾಡಿಸಬಹುದು. ಬಾರ್ಟೋಕ್ ತೀರಿಕೊಂಡದ್ದು 1945ರಲ್ಲಿ, ನಮ್ಮ ದೇಶದ ಕಾನೂನಿನಲ್ಲಿ ತೀರಿಕೊಂಡು 60 ವರ್ಷದ ಮೇಲೆ ಹಕ್ಕು ಮುಗಿಯುತ್ತದೆ, ಹಾಗಾಗಿ ಇಲ್ಲಿ ತೊಂದರೆ ಇಲ್ಲ. ಅಮೆರಿಕದಲ್ಲಿರುವವರು ಮಿಕ್ರೋಕಾಸ್ಮೊಸ್ ಕೊಂಡುಕೊಳ್ಳಬೇಕು.

ಸಂಜೆಮಲ್ಲಿಗೆ
ಟಚ್ ಆಫ್ ಆಗಿತ್ತು! ಆನ್ ಮಾಡಿದೆ. ಮಗ ಒಂದೇ ಕೀಯನ್ನು ಮೆಲ್ಲಗೆ, ಜೋರಾಗಿ ಒತ್ತುತ್ತಾ ಕೂತಿದ್ದಾನೆ, ಊಟಕ್ಕೆ ಕರೆದರೂ ಬರುತ್ತಿಲ್ಲ.

ಹೊಸಬ_ಕೀಲಿಮಣೆ
ಕೊನೆಯದಾಗಿ ಒಂದು. "ಲಾ ಕಾಂಡರ್" ಇಳಿಸಿಕೊಂಡೆ. ಪೆಡಲ್ ಹಾಕಿದರೆ ಎಡಗೈ ಬಿಟ್ಟರೂ ಕಾರ್ಡ್ ಕೇಳುತ್ತಿರುತ್ತದೆ, ಸುಲಭ ಅನ್ನಿಸುತ್ತದೆ. ಹಾಕಬಹುದಾ?

ಕರಾವಳಿ_ಕೀಸ್
ಬೇಡ. ಹಿಡಿದುಕೊಳ್ಳುವ ಕೆಲಸ ಬೆರಳೇ ಮಾಡಲಿ. ಎರಡು ಕೈ ಕೂಡಿದ ಮೇಲೆ ಕಾಲಿನ ಮಾತು. ಕಾರ್ಡ್ ಬದಲಾಗುವ ಜಾಗಕ್ಕೆಲ್ಲ ಪೆನ್ಸಿಲ್ ಗೆರೆ ಹಾಕಿ, ಮೊದಲ ನಾಲ್ಕು ಬಾರ್ ರೆಕಾರ್ಡ್ ಮಾಡಿ ಇಲ್ಲಿ ಹಾಕಿ, ಕೇಳಿ ಹೇಳುತ್ತೇನೆ.